ಗಡಿಗಿ ಮೊಸರು ಮತ್ತು ಹಿಂದಿನ ಕಮಾನ್ ಪಟ್ಟಿ

ಗಾಡಿ ಮನೆಗೆ ಬಂದ ಹನ್ನೊಂದನೇ ದಿನ ಕೊಲ್ಹಾರದಿಂದ ಮೂರು ಗಡಿಗಿ ಮೊಸರು ತಂದೆವು. ಮನೆ ಮುಟ್ಟಿದ್ದು ಒಂದೇ. ಒಂದು ಸೀಳಿತ್ತು, ಇನ್ನೊಂದು ಬೋರಲು ಬಿದ್ದು ಹಿಂದಿನ ತೊಟ್ಟಿಯ ತುಂಬ ಮೊಸರು ಹರಿದಿತ್ತು. ಗೋಣಿಚೀಲ ಸುತ್ತಿ, ಮೂಲೆಗೆ ಒತ್ತಿ, ಹಗ್ಗ ಬಿಗಿದೇ ಇಟ್ಟಿದ್ದೆ. ಅವ್ವ ಒಮ್ಮೆ ತೊಟ್ಟಿಯನ್ನು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು.

"ಮೂವತ್ತ ಲಕ್ಷದ ಗಾಡಿ! ನಿಮ್ಮಜ್ಜ ಚಕ್ಕಡ್ಯಾಗ ತರತಿದ್ದ, ಒಂದ ಹನಿ ಚೆಲ್ಲತಿರಲಿಲ್ಲ."

ಅಪ್ಪ ಏನೂ ಅನ್ನಲಿಲ್ಲ. ಹಿಂದಿನ ಸೀಟಿನಿಂದ ಇಳಿದು ಎರಡೂ ಕೈ ನಡದ ಮೇಲಿಟ್ಟುಕೊಂಡು ನಿಂತಿದ್ದರು. ಅವರಿಗೆ ಮೊದಲೇ ನಡನೋವು. ಅವರನ್ನು ಕೂರಿಸಿಕೊಂಡು ತಿರುಗಾಡಬೇಕು, ಹೊಲಕ್ಕೆ ಗೊಬ್ಬರವನ್ನೂ ಒಯ್ಯಬೇಕು ಅಂತಲೇ ನಾಲ್ಕು ಬಾಗಿಲಿನ ಪಿಕಪ್ ತೆಗೆದುಕೊಂಡಿದ್ದೆ. ಇಸುಝು ಡಿ-ಮ್ಯಾಕ್ಸ್ ವಿ-ಕ್ರಾಸ್, ಫೋರ್ ಬೈ ಫೋರ್, ಕೈ ಗೇರಿನದು. ನಮ್ಮೂರು ಬಬಲೇಶ್ವರದ ಹತ್ತಿರ. ದ್ರಾಕ್ಷಿ ತೋಟ ಮಡ್ಡಿಯಲ್ಲಿ, ಅಂದರೆ ಕಲ್ಲುನೆಲದಲ್ಲಿ; ಜೋಳ-ಕಡಲೆಯ ಹೊಲ ಡೋಣಿ ಹೊಳೆಯ ಕಡೆಯ ಎರಿಯಲ್ಲಿ, ಅಂದರೆ ಕರಿಮಣ್ಣಿನಲ್ಲಿ. ಎರಡಕ್ಕೂ ಹೋಗುವ ದಾರಿಯನ್ನು ದಾರಿ ಅನ್ನುವುದು ನಮ್ಮ ರೂಢಿ, ಅಷ್ಟೇ.

ಮೊಸರು ಚೆಲ್ಲಿದ್ದು ಗಾಡಿಯ ದೋಷ ಅಂತ ನಾನು ಹೇಳುತ್ತಿಲ್ಲ. ಪಿಕಪ್ ಯಾವುದೇ ಇರಲಿ, ಖಾಲಿ ಇದ್ದಾಗ ಹಿಂದೆ ಕುಣಿಯುತ್ತದೆ. ಮುಂದೆ ಕಾರಿನಂತೆ ಕಾಯಿಲ್ ಸ್ಪ್ರಿಂಗ್, ಹಿಂದೆ ಲಾರಿಯಂತೆ ಕಮಾನ್ ಪಟ್ಟಿ. ಆ ಪಟ್ಟಿಗಳು ಭಾರ ಬಂದಾಗ ಬಾಗಲೆಂದು ಮಾಡಿದವು. ಭಾರವೇ ಇಲ್ಲದಿದ್ದರೆ ಪಟ್ಟಿ-ಪಟ್ಟಿ ನಡುವಿನ ತಿಕ್ಕಾಟವೇ ಹೆಚ್ಚಾಗಿ, ಸಣ್ಣ ತಗ್ಗಿಗೆ ಅವು ಬಾಗುವುದೇ ಇಲ್ಲ. ಹೊಡೆತ ಸೀದಾ ತೊಟ್ಟಿಗೆ, ಅಲ್ಲಿಂದ ಅಪ್ಪನ ನಡಕ್ಕೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆ ದಿನ ತಿಳಿದದ್ದು ಇಷ್ಟೇ: ಸಸ್ಪೆನ್ಷನ್ ಬದಲಿಸಲು ನನಗೊಂದು ಒಳ್ಳೆಯ ನೆಪ ಸಿಕ್ಕಿತು.

ನೆಪ ಅಂದೆ. ಅಥಣಿಯಲ್ಲಿ ನಮ್ಮ ಕಾಕಾನ ಮಗ ಇದೇ ಗಾಡಿ ಇಟ್ಟಿದ್ದಾನೆ. ಎತ್ತರ ಮಾಡಿಸಿ, ಹಲ್ಲು ಹಲ್ಲಿನ ದಪ್ಪ ಟೈರ್ ಹಾಕಿಸಿದ್ದಾನೆ. ಜಾತ್ರೆಯಲ್ಲಿ ಅದರ ಪಕ್ಕ ನಮ್ಮ ಗಾಡಿ ನಿಲ್ಲಿಸಿದಾಗಿನಿಂದ ನನಗೆ ನಿದ್ದೆ ಸರಿಯಾಗಿ ಬಂದಿರಲಿಲ್ಲ. ಅಪ್ಪನ ನಡನೋವಿನ ಹೆಸರಲ್ಲಿ ಹೊರಟದ್ದು ಹೌದು. ಒಳಗಿನ ಆಸೆ ಎತ್ತರದ್ದು.

ಮೊದಲು ಟೈರಿನ ಲೆಕ್ಕ ಹಾಕಿದೆ. ಗಾಡಿಗೆ ಬಂದದ್ದು 255/60 ಆರ್ 18. ಇದರ ಅರ್ಥ: ಅಗಲ 255 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಅದರ ಶೇಕಡಾ 60, ಅಂದರೆ 153 ಮಿಲಿಮೀಟರ್, ಒಳಗಿನ ರಿಮ್ 18 ಇಂಚು. ಒಟ್ಟು ವ್ಯಾಸ ಸುಮಾರು 763. ಕಾಕಾನ ಮಗನದು 265/70 ಆರ್ 17. ಅದರ ವ್ಯಾಸ 803 ಹತ್ತಿರ, ಅಂದರೆ ಶೇಕಡಾ ಐದರಷ್ಟು ದೊಡ್ಡದು. ಸ್ಪೀಡೋಮೀಟರ್ ನೂರು ತೋರಿಸುವಾಗ ಗಾಡಿ ಅದಕ್ಕಿಂತ ಐದು ಕಿಲೋಮೀಟರ್ ಜಾಸ್ತಿ ಓಡುತ್ತಿರುತ್ತದೆ. ಅವನ ಎರಡು ಗಾಲಿ ಬಿಚ್ಚಿಸಿ ನನ್ನ ಗಾಡಿಯ ಮುಂದೆ ಹಾಕಿ ನೋಡಿದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟೈರಿನ ಹಿಂಭಾಗ ಒಳಗಿನ ಪ್ಲಾಸ್ಟಿಕ್ಕಿಗೆ ಕರ್ ಅಂತ ತಿಕ್ಕಿತು.

"ಪ್ಲಾಸ್ಟಿಕ್ ಕೊಯ್ದ ಹಾಕಿದ್ರ ಆತಲೇ, ನಾನೂ ಅದನ್ನ ಮಾಡೇನಿ" ಅಂದ. ಹೊಸ ಗಾಡಿಗೆ ಕತ್ತರಿ ಹಾಕಲು ನನಗೆ ಮನಸ್ಸು ಬರಲಿಲ್ಲ.

ಕೊನೆಗೆ ಗಟ್ಟಿ ಮಾಡಿದ್ದು 265/65 ಆರ್ 17. ವ್ಯಾಸ 776, ಮೂಲಕ್ಕಿಂತ ಹದಿಮೂರು ಮಿಲಿಮೀಟರ್ ಅಷ್ಟೇ ಹೆಚ್ಚು. ಗಾಡಿ ನೆಲದಿಂದ ಏಳುವುದು ಅದರ ಅರ್ಧ, ಆರೂವರೆ ಮಿಲಿಮೀಟರ್. ಮೂರು ರೊಟ್ಟಿ ಒಂದರ ಮೇಲೊಂದು ಇಟ್ಟಷ್ಟು. ಆದರೆ ಪಕ್ಕದ ಗೋಡೆ 153ರಿಂದ 172ಕ್ಕೆ ಏರಿತು. ತಗ್ಗಿನಲ್ಲಿ ಮೊದಲು ಮಣಿಯುವುದು ಅದೇ ರಬ್ಬರ್. ರಿಮ್ ಚಿಕ್ಕದಾದಷ್ಟು ನೋಡಲು ಗಾಡಿ ಬಡವಾಗುತ್ತದೆ ಅನ್ನುವವರಿದ್ದಾರೆ. ಅವರು ನಮ್ಮ ಹೊಲದ ದಾರಿಗೆ ಬಂದವರಲ್ಲ.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಟೈರಿನ ಗೋಡೆಯ ಮೇಲೆ ಅಳತೆಯ ಮುಂದೆ ಒಂದು ಸಂಖ್ಯೆ ಇರುತ್ತದೆ, ನನ್ನದರಲ್ಲಿ 112. ಅದು ಒಂದು ಟೈರ್ ಹೊರುವ ಭಾರದ ಸಂಕೇತ. 112 ಅಂದರೆ 1120 ಕಿಲೋ. ಅಂಗಡಿಯವನು ಇದಕ್ಕಿಂತ ಕಡಿಮೆ ಸಂಖ್ಯೆಯದನ್ನು "ಸೇಮ್ ಐತ್ರಿ ಸಾಹೇಬ್ರ" ಅಂತ ಕೊಡಲು ಬಂದಿದ್ದ. ತಯಾರಾದ ವಾರ-ವರ್ಷದ ನಾಲ್ಕು ಅಂಕಿಯನ್ನೂ ಟಾರ್ಚ್ ಹಿಡಿದು ಓದಿದೆ. ಐದರಲ್ಲಿ ಒಂದು ಟೈರ್ ಉಳಿದವಕ್ಕಿಂತ ಒಂದೂವರೆ ವರ್ಷ ಹಳೆಯದು. ಬದಲಿಸಿ ಕೊಟ್ಟ, ಮುಖ ಮಾತ್ರ ಹುಳ್ಳಗೆ ಮಾಡಿಕೊಂಡ.

ಕಾನೂನು ಕೇಳಿದ್ದು ನಮ್ಮ ದೊಡ್ಡಮಾವನ ಮಗ ವಕೀಲನನ್ನು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ಅದರ ಮೇಲೆ 2019ರ ಜನವರಿಯಲ್ಲಿ ಬಂದ ಸುಪ್ರೀಂ ಕೋರ್ಟ್ ತೀರ್ಪು ಎರಡನ್ನೂ ಹೇಳಿದ: ಕಂಪನಿ ಕೊಟ್ಟ ಮೂಲ ವಿವರ ಬದಲಾಗುವಂತೆ ಗಾಡಿ ಮಾರ್ಪಡಿಸಬಾರದು. "ನೂರ ಮಿಲಿಮೀಟರ್ ಎತ್ತಿ ಆಮ್ಯಾಲ ನನ್ನ ಕಡೆ ಬರಬ್ಯಾಡ" ಅಂದ. ಹಾಗಾಗಿ ನಲವತ್ತಕ್ಕೆ ಒಪ್ಪಿಕೊಂಡೆ, ವಿಮೆಯವರಿಗೆ ಬರೆದು ತಿಳಿಸಿದೆ. ಸಸ್ಪೆನ್ಷನ್ನಿಗೆ ಇನ್ನು ವಾರಂಟಿ ಕೇಳುವಂತಿಲ್ಲ ಅಂತ ಶೋರೂಮಿನವರು ನಗುನಗುತ್ತಲೇ ಹೇಳಿದರು. ನಲವತ್ತಾದರೂ ಆ ಕಲಮಿನ ಪೂರ್ತಿ ಹೊರಗಿದೆ ಅಂತ ನಾನು ಎದೆ ತಟ್ಟಿ ಹೇಳಲಾರೆ.

ಕಿಟ್ ತರಿಸಿದ್ದು ಪುಣೆಯಿಂದ. ಮುಂದಿನ ಎರಡು ಕಾಯಿಲ್, ನಾಲ್ಕು ಶಾಕ್ ಅಬ್ಸಾರ್ಬರ್, ಹಿಂದಿನ ಎರಡು ಕಮಾನ್ ಸೆಟ್, ಬುಷ್, ಶ್ಯಾಕಲ್, ಯು-ಬೋಲ್ಟ್. ಆರ್ಡರ್ ಮಾಡುವಾಗ ಅವರು ಒಂದೇ ಒಂದು ಪ್ರಶ್ನೆ ಕೇಳಿದರು: ಹಿಂದೆ ಯಾವಾಗಲೂ ಎಷ್ಟು ಭಾರ ಇರುತ್ತದೆ? ಖಾಲಿಯೋ, 300 ಕಿಲೋವರೆಗೋ, 300ರಿಂದ 500ರವರೆಗೋ. ನಾನು ಯೋಚನೆಯನ್ನೇ ಮಾಡಲಿಲ್ಲ. ಡಿಎಪಿ ಚೀಲ ಐವತ್ತು ಕಿಲೋ, ಎಂಟು ಚೀಲ ಹಾಕಿದರೆ ನಾನೂರು. ಮೂರನೆಯದು ಅಂದೆ. ಗಟ್ಟಿ ಇದ್ದಷ್ಟೂ ಛಲೋ ಅಲ್ಲವೇ? ಬೀಗರಿಗೆ ಹೋಳಿಗೆ ಬಡಿಸುವಾಗ ಇರುವ ಉದಾರತನವೇ ಅಲ್ಲೂ ಇತ್ತು. ಪ್ರಶ್ನೆಯಲ್ಲಿದ್ದ "ಯಾವಾಗಲೂ" ಅನ್ನುವ ಪದ ನನ್ನ ಕಿವಿಗೆ ಬೀಳಲೇ ಇಲ್ಲ.

ಕೂರಿಸಲು ಬೆಳಗಾವಿಗೆ ಹೋದೆ. ಸೋದರಮಾವನ ಮನೆ ಅಲ್ಲೇ, ಉದ್ಯಮಬಾಗದಲ್ಲಿ ಫೌಂಡ್ರಿ ಕೆಲಸದಲ್ಲಿ ಜೀವಮಾನ ಕಳೆದವರು ಮಾವ. ಗ್ಯಾರೇಜು ತೋರಿಸಿದ್ದೂ ಅವರೇ. ಎರಡು ದಿನ ಹಿಡಿಯಿತು. ನಾನು ಎರಡೂ ದಿನ ಸ್ಟೂಲ್ ಹಾಕಿಕೊಂಡು ಕುಳಿತು ನೋಡಿದೆ.

ಮುಂದಿನ ಕೆಲಸ ನೋಡುವಾಗ ಎದೆ ಢವಢವ ಅನ್ನುತ್ತದೆ. ಕಾಯಿಲ್ ಸ್ಪ್ರಿಂಗು ಶಾಕ್ ಅಬ್ಸಾರ್ಬರಿನ ಸುತ್ತಲೇ ಅಮುಕಿ ಕುಳಿತಿರುತ್ತದೆ. ಅದನ್ನು ಬಿಚ್ಚಬೇಕಾದರೆ ಮೊದಲು ಯಂತ್ರದಲ್ಲಿ ಹಿಡಿದು ಒತ್ತಿ ಗಿಡ್ಡ ಮಾಡಬೇಕು, ಆಮೇಲೆ ಮೇಲಿನ ನಟ್. ಕೈ ತಪ್ಪಿದರೆ ಸ್ಪ್ರಿಂಗು ತೋಪಿನ ಗುಂಡಾಗುತ್ತದೆ. ಮಿಸ್ತ್ರಿ ಹುಡುಗನ ವಯಸ್ಸು ಇಪ್ಪತ್ತೈದು ಇರಬಹುದು. ಮುಖ ಆ ಕಡೆ ತಿರುಗಿಸಿ, ಮೈ ಪಕ್ಕಕ್ಕೆ ಸರಿಸಿ ಪಾನಾ ತಿರುಗಿಸುತ್ತಿದ್ದ. ಯಾಕೆ ಹಾಗೆ ಅಂತ ಕೇಳಿದೆ. "ಎದುರಿಗೆ ನಿಂತ್ರ ಒಂದ ಸಲ ನಿಲ್ಲಬೇಕ್ರಿ, ಎರಡನೇ ಸಲ ನಿಲ್ಲಾಕ ಆಗೂದಿಲ್ಲ" ಅಂದ.

ಹಿಂದಿನ ಕೆಲಸ ಸರಳ, ಭಾರ ಮಾತ್ರ ಜಾಸ್ತಿ. ಆಕ್ಸಲ್ಲನ್ನು ಪಟ್ಟಿಗೆ ಬಿಗಿಯುವ ಯು-ಬೋಲ್ಟುಗಳನ್ನು ಒಮ್ಮೆ ಬಿಚ್ಚಿದರೆ ಮತ್ತೆ ಹಾಕುವಂತಿಲ್ಲ. ಬಿಗಿದಾಗ ಅವು ಹಿಗ್ಗಿರುತ್ತವೆ, ಎರಡನೇ ಸಲ ಹಿಡಿತ ಬರುವುದಿಲ್ಲ. ಇನ್ನೊಂದು ವಿಷಯ ಮಾವ ಹಿಡಿದದ್ದು. ಗಾಡಿ ಇನ್ನೂ ಜಾಕಿನ ಮೇಲೆ ಇರುವಾಗಲೇ ಹುಡುಗ ಪಟ್ಟಿಯ ತುದಿಯ ಬೋಲ್ಟುಗಳನ್ನು ಪೂರ್ತಿ ಬಿಗಿಯಲು ಹೊರಟಿದ್ದ. ಮಾವ ತಡೆದರು. "ಗಾಲಿ ನೆಲಾ ಮುಟ್ಟಲಿ ತಮ್ಮಾ, ಗಾಡಿ ತನ್ನ ತೂಕದ ಮ್ಯಾಲ ಕುಂದರಲಿ. ಆಮ್ಯಾಲ ಬಿಗಿ." ಜೋತುಬಿದ್ದ ಸ್ಥಿತಿಯಲ್ಲಿ ಬಿಗಿದರೆ ಬುಷ್ಷಿನ ರಬ್ಬರು ಸದಾ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಹುಡುಗ ಬೇಜಾರು ಮಾಡಿಕೊಳ್ಳಲಿಲ್ಲ, ನಾಲಿಗೆ ಕಚ್ಚಿಕೊಂಡ.

ಬಿಚ್ಚಿದ ಹಳೇ ಪಟ್ಟಿಗಳನ್ನು ಗುಜರಿಗೆ ಕೊಡುವ ಮಾತು ಬಂತು. ಸಾವಿರ ಕಿಲೋಮೀಟರೂ ಓಡದ ಉಕ್ಕು. ಮಾವ ಅದಕ್ಕೂ ಅಡ್ಡ ನಿಂತರು. "ಮನಿಗೆ ಒಯ್ಯೋ, ಎಲ್ಲ್ಯಾರ ಬಿದ್ದಿರ್ತಾವು." ತೊಟ್ಟಿಯಲ್ಲಿ ಹಾಕಿಕೊಂಡೆ. ವೀಲ್ ಅಲೈನ್‌ಮೆಂಟ್ ಮಾಡಿಸುವಷ್ಟರಲ್ಲಿ ಸಂಜೆ ಏಳಾಗಿತ್ತು. ಅಂಗಡಿಯವನು ಗಾಲಿಗಳ ಮೂತಿ ಒಳಗೆ-ಹೊರಗೆ ತಿರುಗಿದ ಟೋ ಒಂದನ್ನೇ ಸರಿ ಮಾಡಿ, ಪರದೆಯ ಮೇಲೆ ಹಸಿರು ತೋರಿಸಿ ಕಳಿಸಿಬಿಟ್ಟ.

ಮರುದಿನ ಬೆಳಿಗ್ಗೆ ಗಾಡಿ ನೋಡಿ ನನಗೇ ಕಣ್ಣು ತುಂಬಿ ಬಂತು. ಎಂಥ ನಿಲುವು! ಯರಗಟ್ಟಿಯವರೆಗೆ ಆ ಖುಷಿ ಇತ್ತು. ಅಲ್ಲಿಂದ ಮುಂದೆ ಲೋಕಾಪುರ, ಮುಧೋಳ, ಜಮಖಂಡಿ. ರಸ್ತೆಯ ಪ್ರತಿ ಉಬ್ಬಿಗೂ ಹಿಂಭಾಗ ಹೋರಿಯಂತೆ ಒದೆಯತೊಡಗಿತು. ಮೊದಲು ಕುಣಿಯುತ್ತಿತ್ತು, ಈಗ ಜಿಗಿಯುತ್ತಿತ್ತು. ಮುಂಭಾಗ ಮಾತ್ರ ನಿಜಕ್ಕೂ ಛಲೋ ಆಗಿತ್ತು, ತಗ್ಗನ್ನು ನುಂಗಿಕೊಂಡು ಹೋಗುತ್ತಿತ್ತು. ಹಾಗಾಗಿ ಸ್ಟೀರಿಂಗ್ ಹಿಡಿದ ನನಗೆ ಒಂದು ಗಾಡಿ, ಹಿಂದೆ ಕೂರುವವರಿಗೆ ಬೇರೆ ಗಾಡಿ. ಸಾಲದ್ದಕ್ಕೆ ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುತ್ತಿರಲಿಲ್ಲ, ಕೈಯಿಂದ ತಿರುಗಿಸಿ ತರಬೇಕು. ರೈತರು ತಾವೇ ಹಣ ಕೂಡಿಸಿ 1989ರಲ್ಲಿ ಕಟ್ಟಿದ ಚಿಕ್ಕಪಡಸಲಗಿ ಬ್ಯಾರೇಜಿನ ಹತ್ತಿರ ಚಹಾಕ್ಕೆ ನಿಲ್ಲಿಸಿ ಕೃಷ್ಣೆಯನ್ನು ನೋಡುತ್ತ ಕುಳಿತೆ. ಕಿಟ್ಟು, ಗಾಲಿ, ಕೂಲಿ ಎಲ್ಲ ಸೇರಿ ಮೂರು ಲಕ್ಷದ ಹತ್ತಿರ ಹೋಗಿತ್ತು. ಮನೆಯಲ್ಲಿ ಒಂದು ಲಕ್ಷ ಎಂಬತ್ತು ಅಂತ ಹೇಳಿದ್ದೆ.

ಅಪ್ಪ ಒಂದೇ ಸಲ ಹತ್ತಿದರು, ಸಾರವಾಡದವರೆಗೆ. ವಾಪಸ್ ಬರುವಾಗ ಬಸ್ಸಿಗೆ ಬಂದರು.

ವಿಜಯಪುರದಲ್ಲಿ ಲಾರಿಗಳ ಕಮಾನ್ ಕಟ್ಟುವ ಒಬ್ಬ ಮುದುಕ ಮಿಸ್ತ್ರಿ ಇದ್ದಾರೆ, ಎಲ್ಲರಿಗೂ ಚಾಚಾ. ಅವರ ಕಡೆ ಹೋದದ್ದು ಒಂದು ಪಟ್ಟಿ ತೆಗೆಸಿ ಮೆತ್ತಗೆ ಮಾಡಿಸಲು. ಅವರು ಗಾಡಿಯ ಕೆಳಗೆ ಬಗ್ಗಿ ನೋಡಿದರು. ಹಿಂದಿನ ಬಂಪರ್ ಮೇಲೆ ಹತ್ತಿ ಒಮ್ಮೆ ಜಿಗಿದರು. ಗಾಡಿ ಅಲ್ಲಾಡಲೇ ಇಲ್ಲ.

"ಎಷ್ಟ ಮಾಲ್ ಹೇರತಿ?"

"ಎಂಟ ಚೀಲ ಗೊಬ್ಬರ ಚಾಚಾ. ಒಮ್ಮೊಮ್ಮೆ ನೀರಿನ ಡ್ರಮ್ಮು."

"ಒಮ್ಮೊಮ್ಮೆ ಅಂದ್ರ?"

ನನ್ನ ಹತ್ತಿರ ಉತ್ತರ ಇರಲಿಲ್ಲ.

"ಕಾಟಾಕ್ಕ ಹೋಗಿ ತೂಕ ಮಾಡಿಸ್ಕೊಂಡ ಬಾ. ಮುಂದಿನ ಗಾಲಿ ಬ್ಯಾರೆ, ಹಿಂದಿನ ಗಾಲಿ ಬ್ಯಾರೆ. ಆಮ್ಯಾಲ ಮಾತಾಡೂಣು."

ಲಾರಿ ತೂಗುವ ಕಾಟಾದ ಮೇಲೆ ಮೊದಲು ಮುಂದಿನ ಎರಡು ಗಾಲಿ ಮಾತ್ರ ಹತ್ತಿಸಿ ಚೀಟಿ ತೆಗೆದುಕೊಂಡೆ, ಆಮೇಲೆ ಇಡೀ ಗಾಡಿ. ನನ್ನನ್ನೂ ಸೇರಿಸಿ ಒಟ್ಟು 2050 ಕಿಲೋ, ಅದರಲ್ಲಿ ಮುಂದೆ 1170. ಹಿಂದೆ ಉಳಿದದ್ದು 880. ಐನೂರು ಕಿಲೋ ಯಾವಾಗಲೂ ಹೊತ್ತಿರಲೆಂದು ಮಾಡಿದ ಪಟ್ಟಿಯ ಮೇಲೆ ಖಾಲಿ ತೊಟ್ಟಿ ಕುಳಿತಿತ್ತು. ಆ ರಾತ್ರಿ ಗೊಬ್ಬರದಂಗಡಿಯ ಚೀಟಿ, ತೋಟದ ಲೆಕ್ಕದ ವಹಿ ಎರಡನ್ನೂ ಹರವಿಕೊಂಡು ಕುಳಿತೆ. ಗಾಡಿ ಬಂದು ಎರಡು ತಿಂಗಳು. ಮುನ್ನೂರು ಕಿಲೋ ಮೀರಿ ಹೇರಿದ ದಿನ ಐದು. ಅಕ್ಟೋಬರ್ ಚಾಟ್ನಿ, ಅಂದರೆ ದ್ರಾಕ್ಷಿ ಬಳ್ಳಿ ಸವರುವ ಕೆಲಸ, ಆದಮೇಲೆ ಹೆಚ್ಚಾಗುತ್ತದೆ, ಆದರೂ ಹತ್ತು ದಿನಕ್ಕೆ ಎರಡು ಸಲ. ಉಳಿದ ದಿನಗಳಲ್ಲಿ ತೊಟ್ಟಿಯಲ್ಲಿ ಇರುತ್ತಿದ್ದುದು ಒಂದು ಸಲಿಕೆ, ಎರಡು ಡ್ರಿಪ್ ಪೈಪು, ಅಪ್ಪನ ಕೊಡೆ. ಎರಡು ತಿಂಗಳು ಗಾಡಿಯ ಎತ್ತರವನ್ನು ಟೇಪು ಹಿಡಿದು ಅಳೆದಿದ್ದೆ. ಅದು ಹೊರುವುದನ್ನು ಒಮ್ಮೆಯೂ ತೂಗಿರಲಿಲ್ಲ.

ಚೀಟಿ ನೋಡಿ ಚಾಚಾ ನಕ್ಕರು. "ಪಟ್ಟಿ ಹೊರೂದು, ಶಾಕಪ್ ಹಿಡಿಯೂದು. ನೀ ಹೊರಾವ್ನ ಪೈಲ್ವಾನ್ ತಂದಿ, ಅವ್ನ ಕೈಯಾಗ ಏನೂ ಕೊಡಲಿಲ್ಲ."

ಒಂದು ಪಟ್ಟಿ ತೆಗೆಯಿರಿ ಅಂದೆ. ಒಪ್ಪಲಿಲ್ಲ. ಎಲ್ಲ ಪಟ್ಟಿ ಕೂಡಿ ಭಾರ ಹಂಚಿಕೊಳ್ಳುವಂತೆ ಮಾಡಿದ ಸೆಟ್ ಅದು, ನಡುವಿನಿಂದ ಒಂದನ್ನು ಎಳೆದರೆ ಉಳಿದವುಗಳ ಮೇಲೆ ಬೀಳುತ್ತದೆ, ಹೇರಿದ ದಿನವೇ ಮುರಿಯುತ್ತದೆ ಅಂದರು. ಜುಗಾಡ್ ಮಾಡಿಸಲು ಹೋದವನಿಗೆ ಜುಗಾಡ್ ಬೇಡ ಅನ್ನುವ ಮಿಸ್ತ್ರಿ ಸಿಕ್ಕಿದ್ದ.

"ಹಳೇ ಪಟ್ಟಿ ಎಲ್ಲಿ ಅದಾವು?"

"ದನದ ಕೊಟ್ಟಿಗ್ಯಾಗ."

"ತಗೊಂಡ ಬಾ."

ಮೂಲ ಪಟ್ಟಿ ವಾಪಸ್ ಕೂತವು. ಶಾಕ್ ಅಬ್ಸಾರ್ಬರ್ ಹೊಸವೇ ಉಳಿದವು. ಕಿಟ್ಟಿನ ಯು-ಬೋಲ್ಟ್ ದಪ್ಪ ಸೆಟ್ಟಿನ ಅಳತೆಯವು, ಹಾಗಾಗಿ ಮೂಲ ಅಳತೆಯವನ್ನು ಶೋರೂಮಿನಿಂದ ತರಿಸಲು ನಾಲ್ಕು ದಿನ ಕಾಯಬೇಕಾಯಿತು. ಹಿಂಭಾಗ ಎಪ್ಪತ್ತು ಮಿಲಿಮೀಟರ್ ಕೆಳಗಿಳಿಯಿತು. ನನ್ನ ನಿಲುವು ಹೋಯಿತಲ್ಲ ಅಂತ ಸಂಕಟಪಟ್ಟೆ. ಆದರೆ ಪಿಕಪ್ಪುಗಳ ಹಿಂಭಾಗ ಹುಟ್ಟಾ ಎತ್ತರವೇ ಇರುತ್ತದೆ, ಭಾರ ಬಿದ್ದಾಗ ಸಮ ಆಗಲೆಂದು. ಮುಂಭಾಗ ನಲವತ್ತು ಎದ್ದದ್ದರಿಂದ ಗಾಡಿ ಈಗ ಸಮತಟ್ಟಾಗಿ ನಿಂತಿತು. ಹೇರಿದ ದಿನ ಮೂತಿ ಎತ್ತುತ್ತದೆ, ಹೆಡ್‌ಲೈಟಿನ ಎತ್ತರದ ತಿರುಗಣೆ ಇಳಿಸಿಕೊಳ್ಳಬೇಕು. ಇಳಿಸದೆ ಒಂದು ರಾತ್ರಿ ಬಂದೆ, ಎದುರಿನಿಂದ ಬಂದ ಕಬ್ಬಿನ ಟ್ರ್ಯಾಕ್ಟರಿನವನು ನಿಲ್ಲಿಸಿ ನಮ್ಮ ಮನೆತನದ ಬಗ್ಗೆ ವಿಚಾರಿಸಿದ.

ಸ್ಟೀರಿಂಗಿನ ಕಾಯಿಲೆ ಅರ್ಧ ಅದರಿಂದಲೇ ವಾಸಿಯಾಯಿತು. ಇದನ್ನು ನನಗೆ ವಿವರಿಸಿದ್ದು ವಿಜಯಪುರದ ಅಲೈನ್‌ಮೆಂಟ್ ಹುಡುಗ. ಗಾಲಿ ತಿರುಗುವ ಅಚ್ಚು ಮೇಲ್ತುದಿಯಲ್ಲಿ ತುಸು ಹಿಂದಕ್ಕೆ ಒರಗಿರಬೇಕು, ಅದನ್ನು ಕ್ಯಾಸ್ಟರ್ ಅನ್ನುತ್ತಾರೆ. ಸೈಕಲ್ಲಿನ ಮುಂದಿನ ಕಡ್ಡಿ ಒರಗಿರುವುದೂ ಅದಕ್ಕೇ, ಕೈ ಬಿಟ್ಟರೂ ಗಾಲಿ ನೇರಕ್ಕೆ ಬರಲಿ ಅಂತ. ಹಿಂಭಾಗ ಎತ್ತಿದರೆ ಇಡೀ ಗಾಡಿ ಮುಂದಕ್ಕೆ ಬಾಗಿ ಆ ಒರಗು ಕಡಿಮೆಯಾಗುತ್ತದೆ. ಗಾಲಿಯಿಂದ ಗಾಲಿಗೆ 3095 ಮಿಲಿಮೀಟರ್ ಇರುವ ಗಾಡಿಯಲ್ಲಿ ಎಪ್ಪತ್ತು ಮಿಲಿಮೀಟರ್ ಅಂದರೆ ಒಂದು ಡಿಗ್ರಿ ಮೀರಿ. ಉಳಿದರ್ಧವನ್ನು ಅವನು ಕೆಳಗಿನ ತೋಳಿನ ಬೋಲ್ಟ್ ಹೊರಳಿಸಿ ತಂದ. ಪರದೆಯ ಹಸಿರನ್ನು ನಂಬದೆ, ತಾನೇ ಓಡಿಸಿ ನೋಡಿ ಕೊಟ್ಟ.

ಆಮೇಲೆ ಹವಾ. ಟೈರ್ ಅಂಗಡಿಯಲ್ಲಿ ನಾಲ್ಕಕ್ಕೂ 42 ಹಾಕಿ ಕಳಿಸಿದ್ದರು, ನಾನೂ ಕೇಳಿರಲಿಲ್ಲ. ಕಾಟಾದ ಚೀಟಿ ಇಲ್ಲೂ ಕೆಲಸಕ್ಕೆ ಬಂತು. ಹಿಂದೆ 880 ಅಂದರೆ ಒಂದೊಂದು ಟೈರಿಗೆ 440 ಕಿಲೋ. ಪೂರ್ತಿ ಹವಾದಲ್ಲಿ 1120 ಹೊರುವ ಟೈರಿಗೆ 440 ಹೊರಲು ಕಲ್ಲಿನಂತೆ ಉಬ್ಬುವ ಅಗತ್ಯವಿಲ್ಲ. ಈಗ ಖಾಲಿ ಇದ್ದಾಗ ಮುಂದೆ 32, ಹಿಂದೆ 30. ಹೇರುವ ದಿನ ಹಿಂದೆ 40. ಸಿಗರೇಟ್ ಲೈಟರಿಗೆ ಚುಚ್ಚುವ ಎರಡು ಸಾವಿರದ ಪಂಪು ಗಾಡಿಯಲ್ಲೇ ಇರುತ್ತದೆ. ಅಪ್ಪನ ನಡಕ್ಕೆ ಆದ ಉಪಕಾರದಲ್ಲಿ ಬಹುಪಾಲು ಈ ಪಂಪಿನದು ಅಂತ ನನ್ನ ಗುಮಾನಿ. ಅದನ್ನು ಮೊದಲೇ ಕೊಂಡಿದ್ದರೆ ಅನ್ನುವ ಲೆಕ್ಕಕ್ಕೆ ನಾನು ಹೋಗುವುದಿಲ್ಲ.

ಸೆಪ್ಟೆಂಬರ್ ಮಳೆಗೆ ಎರಿ ಹೊಲಕ್ಕೆ ಇಳಿಸಿದೆ, ಹೊಸ ಟೈರಿನ ಧೈರ್ಯದ ಮೇಲೆ. ಐವತ್ತು ಹೆಜ್ಜೆ ಹೋಗಿರಬೇಕು. ಎರಿ ಮಣ್ಣು ಹಲ್ಲಿನ ಸಂದು ಸಂದು ತುಂಬಿ, ನಾಲ್ಕೂ ಗಾಲಿ ಕರಿ ಎಣ್ಣೆ ಸವರಿದ ಒನಕೆಯಾದವು. ನಾಲ್ಕೂ ಗಾಲಿಗೆ ಬಲ ಕೊಡುವ ನಿಧಾನದ ಗೇರು, ಫೋರ್ ಲೋ, ಹಾಕಿದರೆ ನಾಲ್ಕೂ ಸೇರಿ ತಿರುಗಿದವು, ಗಾಡಿ ಮಾತ್ರ ಬದುವಿನ ಕಡೆ ಅಡ್ಡಡ್ಡ ಜಾರಿತು. ಎತ್ತು ಹೂಡಿ ಎಳೆಸುವ ಮಾತನ್ನು ಯಾರೋ ಆಡಿದರು. ಅಪ್ಪ ಕೈ ಎತ್ತಿ ಸುಮ್ಮನಿರಿಸಿ, "ನಾಳೆ ಮಧ್ಯಾನ್ನ ಒಣಗತೈತಿ, ಆಗ ತಗೊಂಡ ಬಾ" ಅಂತ ನಡೆದುಕೊಂಡು ಮನೆಗೆ ಹೋದರು. ಮರುದಿನ ಮಧ್ಯಾಹ್ನ ತಂದೆ. ಟೈರ್ ತಾಕತ್ತು ತೋರಿಸಿದ್ದು ಬೇರೆ ಕಡೆ, ಮಡ್ಡಿಯ ಖಡಿ ದಾರಿಯಲ್ಲಿ. ಬಳ್ಳಾರಿ ಜಾಲಿಯ ಮುಳ್ಳಿಗೆ ಹಳೇ ಟೈರ್ ಎರಡು ತಿಂಗಳಲ್ಲಿ ಮೂರು ಸಲ ಪಂಚರ್ ಆಗಿದ್ದವು. ಇವು ಐದು ತಿಂಗಳಲ್ಲಿ ಇನ್ನೂ ಒಂದೂ ಆಗಿಲ್ಲ. ಡೀಸೆಲ್ ಲೀಟರಿಗೆ ಸುಮಾರು ಒಂದು ಕಿಲೋಮೀಟರ್ ಕಡಿಮೆ ಬರುತ್ತಿದೆ, ಭಾರದ ಟೈರಿಗೆ ಅದು ಸಹಜ.

ಸಾವಿರ ಕಿಲೋಮೀಟರಿಗೆ ಯು-ಬೋಲ್ಟ್ ಮತ್ತೆ ಬಿಗಿಸಿಕೋ ಅಂತ ಚಾಚಾ ಹೇಳಿದ್ದರು. ಹೋದಾಗ ನಟ್ಟುಗಳು ಕಾಲು ಸುತ್ತು ತಿರುಗಿದವು. ಕೂಲಿ ಕೇಳಿದರೆ ಚಹಾ ತರಿಸು ಅಂದರು. ಆ ಐನೂರು ಕಿಲೋದ ಪಟ್ಟಿಗಳು ಈಗ ಕೊಟ್ಟಿಗೆಯಲ್ಲಿವೆ, ಹಳೆಯವು ಇದ್ದ ಜಾಗದಲ್ಲೇ. ಪುಣೆಯವರು ಬಳಸಿದ ಮಾಲು ವಾಪಸ್ ತೆಗೆದುಕೊಳ್ಳುವುದಿಲ್ಲ ಅಂದರು. ಅಥಣಿಯ ಕಾಕಾನ ಮಗ ಅರ್ಧ ರೇಟಿಗೆ ಕೇಳುತ್ತಿದ್ದಾನೆ. ಕೊಡುವ ಮುಂಚೆ ಅವನನ್ನು ಕಾಟಾಕ್ಕೆ ಕಳಿಸಬೇಕು.

ಹೋದ ಭಾನುವಾರ ಮತ್ತೆ ಕೊಲ್ಹಾರಕ್ಕೆ ಹೋಗಿದ್ದೆವು. ಮೂರು ಗಡಿಗಿ ತೆಗೆದುಕೊಂಡೆವು. ನಾನು ತೊಟ್ಟಿಯ ಬಾಗಿಲು ತೆರೆದು, ಗೋಣಿಚೀಲ ಹಾಸಿ, ಐದು ತಿಂಗಳ ಪರೀಕ್ಷೆಯ ಫಲಿತಾಂಶಕ್ಕೆ ತಯಾರಾಗಿ ನಿಂತಿದ್ದೆ. ಅವ್ವ ಒಂದನ್ನು ಅಪ್ಪನ ಕೈಗೆ ಕೊಟ್ಟಳು, ಒಂದನ್ನು ಸೀಟಿನ ಕೆಳಗೆ ಕಾಲ ನಡುವೆ ಇಟ್ಟಳು, ಇನ್ನೊಂದನ್ನು ಸೆರಗಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಬಾಗಿಲು ಹಾಕಿಕೊಂಡಳು.

"ಸಾವಕಾಶ ನಡಸು" ಅಂದಳು.